ಜಗಲಿ ಹತ್ತಿದ ಕಂಪನಿ

ತಾವರೆಕೆರೆ ಸುತ್ತಿನ ಹಟ್ಟಿಗಳಲ್ಲಿ ಹೊನ್ನಕ್ಕನಷ್ಟು ನೇರ ಬಾಯಿಯ ಹೆಂಗಸು ಇನ್ನೊಬ್ಬಳಿರಲಿಲ್ಲ. ಮಾರಲು ತಂದ ಕುರಿಯ ಹಲ್ಲು ಅಲ್ಲಾಡುತ್ತಿದ್ದರೆ, ಕೊಳ್ಳುವವನು ಕೇಳುವುದಕ್ಕೆ ಮೊದಲೇ ಅದರ ಬಾಯಿ ಅಗಲಿಸಿ ತೋರಿಸಿ ಗಂಡನ ಕೈಲಿ ಬೈಸಿಕೊಳ್ಳುತ್ತಿದ್ದಳು. ಇಂಥವಳು ಜೀವಮಾನದಲ್ಲಿ ಹೇಳಿದ್ದು ಒಂದೇ ಒಂದು ದೊಡ್ಡ ಸುಳ್ಳು, ಮತ್ತೆ ಅದರ ಹೊಟ್ಟೆಯಲ್ಲಿ ಹುಟ್ಟಿದ ಒಂದು ಮರಿ ಸುಳ್ಳು. ಆದರೆ ಆ ಸುಳ್ಳು ಎಂಥದ್ದು ಅಂತೀರಿ! ಬೆಂಗಳೂರಿನ ಸರ್ಕಾರಿ ಕಚೇರಿಯೇ ಅದಕ್ಕೆ ಮೊಹರು ಒತ್ತಿ ಸರ್ಟಿಫಿಕೇಟು ಕೊಟ್ಟಿತು.

ಇದಕ್ಕೆಲ್ಲ ಮೂಲ ಒಂದು ತುಂಡು ಈಲಿ. ಪೇಟೆಯವರು ಲಿವರ್ ಎನ್ನುತ್ತಾರಲ್ಲ, ಅದು. ಕುರಿಯ ಮೈಯಲ್ಲಿ ಅದಕ್ಕಿಂತ ಮೆತ್ತಗಿನ ಬಾಡು ಇಲ್ಲ; ಉಳಿದದ್ದು ಒಲೆ ಏರುವ ಮೊದಲೇ ಅದನ್ನು ಕೆಂಡದ ಮೇಲೆ ಸುಟ್ಟು, ಉಪ್ಪು ಸವರಿ ಬಾಯಿಗೆ ಹಾಕಿಕೊಳ್ಳುವುದು ಹಟ್ಟಿಯ ಗಂಡಸರ ಜನ್ಮಸಿದ್ಧ ಹಕ್ಕು.

ಹೊನ್ನಕ್ಕನ ತವರು ಮದಲೂರು ಕೆರೆಯ ಆಚೆಯ ಹಟ್ಟಿ. ಅಲ್ಲಿ ತಾಯಿ ಕರಿಯಕ್ಕ ಮತ್ತು ತಮ್ಮ ದಾಸಣ್ಣ ಇದ್ದರು. ಗಂಡ ಓಬಳಪ್ಪನಿಗೂ ದಾಸಣ್ಣನಿಗೂ ಮೊದಲು ಒಂದೇ ಬೀಡಿಯನ್ನು ಇಬ್ಬರು ಸೇದುವಷ್ಟು ಸ್ನೇಹ. ಎಪ್ಪತ್ತೆರಡರ ಯುಗಾದಿಗೆ ಓಬಳಪ್ಪ ಹೆಂಡತಿಯೊಂದಿಗೆ ಅತ್ತೆಯ ಮನೆಗೆ ಬಂದ. ಯುಗಾದಿಯ ಮರುದಿನ ಹೊಸತೊಡಕು, ಹೋಳಿಗೆ ತಿಂದು ಬೇಸತ್ತ ಬಾಯಿಗೆ ಬಾಡು ಬೀಳುವ ದಿನ. ಹಟ್ಟಿಯ ಹಲವು ಮನೆಯವರು, ಜೊತೆಗೆ ಪಾಲು ಹಾಕಿದ ಓಬಳಪ್ಪನೂ ಸೇರಿ ಕುರಿ ಕೊಯ್ದು, ಮುತ್ತುಗದ ಎಲೆಗಳ ಮೇಲೆ ಸಮನಾಗಿ ಗುಡ್ಡೆ ಹಾಕಿದರು. ಯಾವ ಗುಡ್ಡೆ ಯಾರಿಗೆಂದು ತೀರ್ಮಾನಿಸಲು ಅಲ್ಲಿ ಹಳೆಯ ಪದ್ಧತಿಯೊಂದಿದೆ. ಒಬ್ಬ ಬೆನ್ನು ತಿರುಗಿಸಿ ಕೂರುತ್ತಾನೆ. ಇನ್ನೊಬ್ಬ ಒಂದೊಂದೇ ಗುಡ್ಡೆಗೆ ಕೋಲು ತೋರಿಸಿ 'ಇದು ಯಾರಿಗೆ?' ಎನ್ನುತ್ತಾನೆ. ಬೆನ್ನು ತಿರುಗಿಸಿದವನು ಕಾಣದೆಯೇ ಒಂದು ಹೆಸರು ಕೂಗುತ್ತಾನೆ. ದೇವರಿಗೂ ಇದಕ್ಕಿಂತ ನ್ಯಾಯವಾಗಿ ಹಂಚಲು ಬರುವುದಿಲ್ಲ ಎಂದು ಅವರ ನಂಬಿಕೆ.

ಅಂದು ಬೆನ್ನು ತಿರುಗಿಸಿ ಕೂತವನು ದಾಸಣ್ಣ. ಕೋಲು ಹಿಡಿದವನು ಹಟ್ಟಿಯ ಹಿರಿಯ ಕ್ಯಾತಪ್ಪ. ಒಂದು ಗುಡ್ಡೆಗೆ ಕೋಲು ಇಟ್ಟಾಗ ಕ್ಯಾತಪ್ಪನಿಗೆ ಕೆಮ್ಮು ಬಂತು. 'ಇದು ಯಾರಿಗೆ?' ಎಂದ. 'ನಂದು' ಎಂದ ದಾಸಣ್ಣ. ಎಲ್ಲರೂ ತಮ್ಮ ತಮ್ಮ ಗುಡ್ಡೆ ಕಟ್ಟಿಕೊಳ್ಳುವಾಗ ನೋಡಿದರೆ, ದಾಸಣ್ಣನ ಗುಡ್ಡೆಯಲ್ಲಿ ಈಲಿಯ ಎರಡು ತುಂಡು, ಓಬಳಪ್ಪನ ಗುಡ್ಡೆಯಲ್ಲಿ ಒಂದೂ ಇಲ್ಲ.

"ಆವಯ್ಯ ಕೆಮ್ಮಿದ್ದು ನಿಂಗೆ ಸನ್ನೆ ಮಾಡಕ್ಕೆ ಕಣ್ಲಾ!" ಎಂದು ಓಬಳಪ್ಪ ಎದ್ದು ನಿಂತ.

"ಕೆಮ್ಮು ಬಂದೋರು ಕೆಮ್ಮದೆ ಏನ್ ಹಾಡು ಹೇಳ್ತಾರಾ?" ಎಂದ ದಾಸಣ್ಣ.

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಓಬಳಪ್ಪ ಅಲ್ಲೇ ಮಣ್ಣು ಮುಟ್ಟಿ ಹಟ್ಟಿಯ ದೇವರ ಮೇಲೆ ಆಣೆ ಇಟ್ಟ. "ಜುಂಜಪ್ಪನ ಆಣೆ! ನನ್ ಪಾಲಿನ ಈಲಿ ನನ್ ಕೈಗೆ ಬರೋಗಂಟ ನಾನಾಗ್ಲಿ ನನ್ ಮನೆಯೋರಾಗ್ಲಿ ಇವ್ನ ಜಗಲಿ ಹತ್ತಲ್ಲ, ನಾನು ಇವ್ನ ಮಾತಾಡ್ಸಲ್ಲ." ದಾಸಣ್ಣನೂ ಸುಮ್ಮನಿರಲಿಲ್ಲ. ತಾನಾಗಿ ಕರೆದರೆ ತನ್ನ ಹೆಸರು ದಾಸನೇ ಅಲ್ಲ ಎಂದ.

ಜಗಳ ಬೇರೆ ದಿನ ಆಗಿದ್ದರೆ ವಾರದಲ್ಲಿ ತಣ್ಣಗಾಗುತ್ತಿತ್ತೋ ಏನೋ. ಆದರೆ ಹೊಸತೊಡಕಿನ ದಿನ ಏನು ಮಾಡುತ್ತೇವೋ ಅದೇ ವರ್ಷವಿಡೀ ನಡೆಯುತ್ತದೆ ಎಂಬ ಮಾತಿದೆ. ಅದಕ್ಕೇ ಅಂದು ಯಾರೂ ಅಳುವುದಿಲ್ಲ, ಸಾಲ ಮಾಡುವುದಿಲ್ಲ, ಮಕ್ಕಳನ್ನು ಹೊಡೆಯುವುದಿಲ್ಲ. ಭಾವ, ಭಾಮೈದ ಇಬ್ಬರೂ ಅಂದು ಜಗಳವಾಡಿದ್ದರಿಂದ ಆ ವರ್ಷವೆಲ್ಲ ಮಾತು ಬಿಟ್ಟರು. ಮರುವರ್ಷ ಹೊಸತೊಡಕು ಬಂದಾಗ ಮಾತು ಬಿಟ್ಟೇ ಇದ್ದರಲ್ಲ, ಆದ್ದರಿಂದ ಇನ್ನೊಂದು ವರ್ಷ. ಹೀಗೆ ಜಗಳ ತಾನಾಗಿ ತನ್ನ ಲೈಸೆನ್ಸು ನವೀಕರಿಸಿಕೊಳ್ಳುತ್ತ ಹೋಯಿತು.

ಇಬ್ಬರ ಈಲಿ ಜಗಳದಲ್ಲಿ ನಿಜವಾಗಿ ಕಳೆದುಕೊಂಡವಳು ಹೊನ್ನಕ್ಕ. ಗಂಡನ ಆಣೆ ಅವಳ ಕಾಲನ್ನೂ ಕಟ್ಟಿತ್ತು. ತಾಯಿಯನ್ನು ನೋಡಬೇಕೆಂದರೆ ಸಿರಾ ಸಂತೆಯಲ್ಲಿ ನೋಡಬೇಕು. ಕರಿಯಕ್ಕ ಸೆರಗಿನಲ್ಲಿ ಹುರಿದ ಅವರೆಕಾಳು ಕಟ್ಟಿಕೊಂಡು ಬಂದು ಹುಣಸೆಮರದ ಕೆಳಗೆ ಕೂರುವಳು. ತಾಯಿ ಮಗಳು ಮೆಣಸಿನಕಾಯಿ ರಾಶಿಗಳ ನಡುವೆ ಕೂತು, ಸೀನುತ್ತ, ಕಣ್ಣು ಒರೆಸಿಕೊಳ್ಳುತ್ತ ಮಾತಾಡುವರು. ಕಣ್ಣೀರು ಖಾರದ್ದೋ ಸಂಕಟದ್ದೋ ನೋಡುವವರಿಗೆ ತಿಳಿಯುತ್ತಿರಲಿಲ್ಲ. ಹೊನ್ನಕ್ಕನಿಗೆ ತಿಳಿಯುತ್ತಿತ್ತು. ಹುಟ್ಟಿ ಬೆಳೆದ ಮನೆಯ ಜಗಲಿಯ ಮೇಲೆ ಒಂದು ಸಲ ಕೂತು, ತಾಯಿಯ ಕೈಲಿ ತಲೆ ಬಾಚಿಸಿಕೊಳ್ಳಬೇಕು ಎಂಬುದೊಂದೇ ಅವಳ ಆಸೆ. ಬೇರೇನನ್ನೂ ಅವಳು ಯಾವ ದೇವರನ್ನೂ ಕೇಳಲಿಲ್ಲ.

ದೇವರು ಕಿವಿಗೊಡಲಿಲ್ಲ. ಎಪ್ಪತ್ತೇಳರಲ್ಲಿ ನಂದೀಶ್ವರಯ್ಯ ಕಿವಿಗೊಟ್ಟರು, ಅದೂ ತಮಗೇ ಗೊತ್ತಿಲ್ಲದೆ.

ನಂದೀಶ್ವರಯ್ಯ ಕೊರಟಗೆರೆ ರಸ್ತೆಯ ದೊಡ್ಡ ದ್ರಾಕ್ಷಿ ತೋಟವೊಂದರ ಮ್ಯಾನೇಜರು. ತೋಟದ ಒಡೆಯರು ಬೆಂಗಳೂರಿನವರು. ಬಳ್ಳಿ ಸವರಿದ ಮೇಲೆ ತೋಟದಲ್ಲಿ ಕುರಿಮಂದೆ ನಿಲ್ಲಿಸಿದರೆ ಹಿಕ್ಕೆ, ಗಂಜಲ ಬಿದ್ದು ಮಣ್ಣು ಹದವಾಗುತ್ತದೆ. ಓಬಳಪ್ಪ ಆ ಕೆಲಸ ಕೇಳಲು ಹೋದ. ಜೊತೆಗೆ ಹೊನ್ನಕ್ಕನೂ ಇದ್ದಳು.

"ಹೋದ ವರ್ಷ ಯಾರದೋ ಮಂದೆ ಬಿಟ್ಟೆವು. ಬಳ್ಳಿಗೇ ಬಾಯಿ ಹಾಕಿತು" ಎಂದರು ನಂದೀಶ್ವರಯ್ಯ. "ಬೆಳಗೆದ್ದು ನೋಡಿದರೆ ಕುರಿಯೂ ಇಲ್ಲ, ಕುರಿಯವನೂ ಇಲ್ಲ. ಯಾರನ್ನು ಹಿಡಿಯೋಣ? ನಮ್ಮ ಸಾಹುಕಾರರು ಹೇಳಿಬಿಟ್ಟಿದ್ದಾರೆ, ಹೆಸರು, ವಿಳಾಸ, ಮೊಹರು ಇರೋ ಕಂಪನಿಗೆ ಮಾತ್ರ ಕಂಟ್ರಾಕ್ಟು ಅಂತ. ಹೋಗಿ ಕಂಪನಿ ಮಾಡ್ಕೊಂಡು ಬಾರಪ್ಪ."

ಬೇರೆ ಯಾರಾದರೂ ನಕ್ಕು ಬರುತ್ತಿದ್ದರು. ಓಬಳಪ್ಪ ನಗುವವನಲ್ಲ. ಆ ಕೆಲಸ ಸಿಕ್ಕಿದರೆ ಬೇಸಿಗೆಯೆಲ್ಲ ಕುರಿ ಹೊಡೆದುಕೊಂಡು ಊರೂರು ಅಲೆಯುವುದು ತಪ್ಪುತ್ತಿತ್ತು. ಅದೇ ವಾರ ಗಂಡ ಹೆಂಡತಿ ಮಧುಗಿರಿಯ ಕೋಟೆ ಬೀದಿಯಲ್ಲಿದ್ದ ಆಡಿಟರ್ ಮಹಾಲಿಂಗಯ್ಯನವರ ಅಟ್ಟದ ಕಚೇರಿಯ ಮೆಟ್ಟಿಲು ಹತ್ತಿದರು.

ಮಹಾಲಿಂಗಯ್ಯನವರು ತಾಳ್ಮೆಯ ಮನುಷ್ಯ. "ನೋಡಿ, ಕಂಪನಿ ಅಂದರೆ ಕಾನೂನಿನ ಕಣ್ಣಿಗೆ ಬೇರೆಯೇ ಒಬ್ಬ ಮನುಷ್ಯ" ಎಂದು ಬಿಡಿಸಿ ಹೇಳಿದರು. "ಅದಕ್ಕೆ ತನ್ನದೇ ಹೆಸರು, ತನ್ನದೇ ಮನೆ, ತನ್ನದೇ ಆಸ್ತಿ. ಕುರಿ ಬಳ್ಳಿ ಮೇದರೆ ಉತ್ತರ ಕೊಡಬೇಕಾದ್ದು ಅದು, ನೀವಲ್ಲ. ನೀವು ಹಾಕಿದ ಷೇರು ಎಷ್ಟೋ ಅಷ್ಟು ಹೋಗಬಹುದು. ನಿಮ್ಮ ಮನೆ, ಕುರಿ ಯಾರೂ ಮುಟ್ಟುವಂತಿಲ್ಲ. ಅದಕ್ಕೇ ಲಿಮಿಟೆಡ್ ಅನ್ನೋದು."

"ಷೇರು ಅಂದ್ರೆ ಎಂಗೆ ಸ್ವಾಮಿ?" ಎಂದ ಓಬಳಪ್ಪ.

ಮಹಾಲಿಂಗಯ್ಯ ಸುಲಭವಾದ ಹೋಲಿಕೆಗಾಗಿ ಸೂರು ನೋಡಿದರು. "ಹೊಸತೊಡಕಿಗೆ ಗುಡ್ಡೆ ಬಾಡು ಹಾಕ್ತೀರಲ್ಲ, ಹಾಗೆ ಅಂದ್ಕೊಳ್ಳಿ. ಒಬ್ಬೊಬ್ಬರಿಗೆ ಒಂದೊಂದು ಗುಡ್ಡೆ."

ಓಬಳಪ್ಪನ ಮುಖ ಕಪ್ಪಿಟ್ಟಿತು. ಎದ್ದವನೇ ಬೀಡಿ ಸೇದುವ ನೆವದಲ್ಲಿ ಮೆಟ್ಟಿಲಿಳಿದು ಹೋದ. ತಾನೇನು ತಪ್ಪು ಮಾತಾಡಿದೆನೆಂದು ತಿಳಿಯದೆ ಮಹಾಲಿಂಗಯ್ಯ ಹೊನ್ನಕ್ಕನ ಕಡೆ ನೋಡಿದರು.

"ಎಷ್ಟ್ ಜನ ಬೇಕು ಸ್ವಾಮಿ ಕಂಪ್ನಿಗೆ?" ಎಂದು ಕೇಳಿದಳು ಅವಳು.

"ಕಡಿಮೆ ಅಂದರೆ ಇಬ್ಬರು. ನೀವು ಗಂಡ ಹೆಂಡತಿ ಇದ್ದೀರಲ್ಲಮ್ಮ, ಸಾಕು."

ಇಬ್ಬರು ಸಾಕು. ಹೊನ್ನಕ್ಕ ಆ ಮಾತನ್ನು ಸೆರಗಿನ ತುದಿಗೆ ಕಟ್ಟಿಕೊಂಡಂತೆ ಹಿಡಿದುಕೊಂಡು ಮೆಟ್ಟಿಲಿಳಿದಳು. ಮೇಲಿನ ಮೆಟ್ಟಿಲಿನಲ್ಲಿ ಅವಳು ನಿಜವನ್ನೇ ಹೇಳುವವಳಿದ್ದಳು. ನಡುವಿನ ಮೆಟ್ಟಿಲಿನಲ್ಲಿ ತಾಯಿಯ ಜಗಲಿ ನೆನಪಾಯಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದಿದ್ದಾರೆ ಹಿರಿಯರು. ಮುರಿದ ನೆಂಟಸ್ತಿಕೆ ಕೂಡಿಸಲು ಒಂದು ಸುಳ್ಳು ಹೆಚ್ಚಾಯಿತೇ? ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಸುಳ್ಳು ತಯಾರಾಗಿತ್ತು.

"ಇಬ್ರು ಬೇಕಂತೆ" ಎಂದಳು ಗಂಡನಿಗೆ.

"ಅದ್ಕೇನು, ನೀನು ನಾನು ಇಲ್ವಾ?"

"ಗಂಡ ಹೆಂಡ್ತಿ ಆಗಾಕಿಲ್ವಂತೆ. ಕಾನೂನು ಇಬ್ರುನ್ನೂ ಒಂದೇ ತಲೆ ಅಂತ ಎಣಿಸ್ತದಂತೆ. ಎರಡ್ನೇ ತಲೆ ಹೆಂಡ್ತಿ ಕಡೆ ಗಂಡಸೇ ಆಗ್ಬೇಕಂತೆ."

ಓಬಳಪ್ಪ ಬೀಡಿ ಬಿಸಾಕಿದ. ಹೆಂಡತಿಯ ಕಡೆಯ ಗಂಡಸೆಂದರೆ ಲೋಕದಲ್ಲಿ ಒಬ್ಬನೇ. "ಇದ್ಯಾವ್ ಸೀಮೆ ಕಾನೂನ್ಲೇ?" ಎಂದ. ಆದರೆ ಸುಳ್ಳೆಂಬ ಅನುಮಾನ ಅವನಿಗೆ ಬರಲಿಲ್ಲ. ಹೇಳಿದವಳು ಹೊನ್ನಕ್ಕ. ಅಲ್ಲದೆ ಕಾನೂನು ಎಂದ ಮೇಲೆ ಬುಡ ತುದಿ ಇರಬೇಕೆಂದು ಅವನು ಎಂದೂ ಬಯಸಿದವನಲ್ಲ.

"ಅವ್ನ ಜೊತೆ ನಾನು ಮಾತಾಡಲ್ಲ."

"ಅವ್ನ ಜೊತೆ ಯಾಕ್ ಮಾತಾಡ್ತೀಯ? ಕಂಪ್ನಿ ಜೊತೆ ಮಾತಾಡು. ಕಂಪ್ನಿ ಬ್ಯಾರೆ ಮನ್ಷ ಅಂತ ಆಡಿಟ್ರೇ ಹೇಳ್ಲಿಲ್ವಾ?"

ಇದು ನಿಜವೇ. ಸಂತೆಯಲ್ಲಿ ದಾಸಣ್ಣನಿಗೂ ಹೊನ್ನಕ್ಕ ಇದೇ ಮಾತು ಹೇಳಿದಳು. ಅವನಿಗೂ ದೊಡ್ಡ ಮಂದೆ, ಅವನಿಗೂ ಬೇಸಿಗೆಯ ಅಲೆದಾಟ. "ಕಾನೂನು ನನ್ನೇ ಕೇಳ್ತೈತಾ ಅಕ್ಕಯ್ಯ?" ಎಂದು ಎದೆ ಉಬ್ಬಿಸಿ ಒಪ್ಪಿದ. ಆಗ ಹೊನ್ನಕ್ಕನಿಗೆ ಮರಿ ಸುಳ್ಳು ಹುಟ್ಟಿತು. ಕಂಪನಿಯ ಮನೆ ಎರಡನೆಯವನ ಜಗಲಿಯಲ್ಲೇ ಇರಬೇಕಂತೆ ಎಂದು ತಮ್ಮನಿಗೂ, ಮನೆಗೆ ಬಂದು ಗಂಡನಿಗೂ ಹೇಳಿದಳು.

"ಅವ್ನ ಜಗಲಿ ನಾನು ಹತ್ತಂಗಿಲ್ಲ, ಆಣೆ ಐತೆ" ಎಂದು ಓಬಳಪ್ಪ ಕೂಗಾಡಿದ.

"ಬೋರ್ಡ್ ತಗಲಾಕಿದ ಮ್ಯಾಲೆ ಅದು ಅವ್ನ ಜಗಲಿ ಎಂಗಾಯ್ತದೆ? ಕಂಪ್ನಿ ಜಗಲಿ."

ಓಬಳಪ್ಪ ಇದನ್ನು ಬೆಳಗಿನಿಂದ ಸಂಜೆಯವರೆಗೆ ಕುರಿಗಳ ಹಿಂದೆ ನಡೆಯುತ್ತ ಯೋಚಿಸಿ, ಜುಂಜಪ್ಪನಿಗೂ ಇದಕ್ಕೆ ಆಕ್ಷೇಪ ಇರಲಾರದು ಎಂದು ತೀರ್ಮಾನಿಸಿದ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅನ್ನುತ್ತಾರೆ. ಕಂಪನಿಯ ವಿಷಯದಲ್ಲಿ ಮಾತ್ರ ಸರ್ಕಾರವೇ ಕುಲಾವಿ ಮೊದಲು ಕೇಳುತ್ತದೆ. ಮೊದಲು ಹೆಸರು ಬರೆದು ಬೆಂಗಳೂರಿಗೆ ಕಳಿಸಬೇಕು, ಅವರು ಸೈ ಎಂದ ಮೇಲೆ ಉಳಿದದ್ದು. 'ಶ್ರೀ ಜುಂಜಪ್ಪ ಮಂದೆ ಪ್ರೈವೇಟ್ ಲಿಮಿಟೆಡ್' ಎಂಬ ಹೆಸರು ಒಪ್ಪಿಗೆಯಾಯಿತು. ಕಂಪನಿಯ ಉದ್ದೇಶ, ನಿಯಮಗಳನ್ನೆಲ್ಲ ಅಚ್ಚು ಹಾಕಿಸಬೇಕಾಗಿತ್ತು. ಮಧುಗಿರಿಯ ಪ್ರೆಸ್ಸಿನವನು ಹುಟ್ಟಿದಾಗಿನಿಂದ ಲಗ್ನಪತ್ರಿಕೆ ಬಿಟ್ಟು ಬೇರೇನನ್ನೂ ಅಚ್ಚು ಹಾಕಿದವನಲ್ಲ. ಅಭ್ಯಾಸಬಲದಿಂದ ಮೇಲೆ ಗಣಪತಿಯನ್ನು ಕೂರಿಸಿ, ಕೆಳಗೆ ಇಬ್ಬರು ಡೈರೆಕ್ಟರುಗಳ ಹೆಸರಿನ ತಲೆಗೆ 'ತಮ್ಮ ಆಗಮನಾಭಿಲಾಷಿಗಳು' ಎಂದು ಸೇರಿಸಿದ್ದ. ಮಹಾಲಿಂಗಯ್ಯ ತಲೆ ಚಚ್ಚಿಕೊಂಡು ಮತ್ತೆ ಅಚ್ಚು ಹಾಕಿಸಿದರು. ರುಜು ಹಾಕುವ ದಿನ ಭಾವ ಒಂದು ಬಾಗಿಲಿನ ಕಡೆ, ಭಾಮೈದ ಒಂದು ಕಿಟಕಿಯ ಕಡೆ ಮುಖ ಮಾಡಿ ಕೂತರು. ಈ ಜೋಡಿಯನ್ನು ಯಾಕೆ ಕಟ್ಟಿಕೊಂಡು ಬಂದಳೆಂದು ತಿಳಿಯದೆ ಮಹಾಲಿಂಗಯ್ಯ ಹೊನ್ನಕ್ಕನನ್ನು ನೋಡಿದರು. ಹೊನ್ನಕ್ಕ ನೆಲ ನೋಡಿದಳು.

ಎರಡು ತಿಂಗಳಲ್ಲಿ ಸರ್ಟಿಫಿಕೇಟು ಬಂತು. ಅದರ ಹಿಂದೆಯೇ ಕಂಪನಿಯ ಮೊಹರು ಬಂತು. ಕಾಗದವನ್ನು ನಡುವೆ ಇಟ್ಟು ಹಿಡಿ ಒತ್ತಿದರೆ ಅಕ್ಷರ ಉಬ್ಬಿ ನಿಲ್ಲುವ, ಟಗರಿನ ತಲೆಯಷ್ಟು ಭಾರದ ಕಬ್ಬಿಣದ ಯಂತ್ರ. ದಾಸಣ್ಣನ ಜಗಲಿಯ ಗೋಡೆಗೆ ಹಸಿರು ಬಣ್ಣದ ಬೋರ್ಡು ಬಿತ್ತು. ಮೊದಲ ಸಭೆಯ ದಿನ ಓಬಳಪ್ಪ ಬೋರ್ಡನ್ನು ಎರಡು ಸಲ ಓದಿಸಿ ಕೇಳಿ, ಜಗಲಿ ಹತ್ತಿದ. ಹಿಂದೆಯೇ ಹೊನ್ನಕ್ಕನೂ ಹತ್ತಿದಳು. ಕರಿಯಕ್ಕ ಹೊಸಿಲಿನ ಒಳಗೆ ನಿಂತಿದ್ದಳು. ಮನೆಯ ಒಳಗು ಇನ್ನೂ ದಾಸಣ್ಣನದೇ, ಕಂಪನಿಯದಲ್ಲ. ಆದ್ದರಿಂದ ಮಗಳು ಹೊಸಿಲಿನ ಈಚೆ ಕೂತಳು, ತಾಯಿ ಆಚೆ ಕೂತಳು. ತಾಯಿ ಕೈ ಚಾಚಿ ಮಗಳ ಜಡೆ ಬಿಚ್ಚಿದಳು. ಹೊನ್ನಕ್ಕನಿಗೆ ಅಳು ಬಂತು. ಇಲ್ಲಿ ಮೆಣಸಿನಕಾಯಿ ರಾಶಿ ಇರಲಿಲ್ಲ, ನೆಪ ಹೇಳಲು ಏನೂ ಇರಲಿಲ್ಲ, ಸುಮ್ಮನೆ ಅತ್ತಳು.

ಇತ್ತ ಸಭೆ ಶುರುವಾಗಲೇ ಇಲ್ಲ. ಮೂರು ತಿಂಗಳಿಗೊಮ್ಮೆಯಾದರೂ ಇಬ್ಬರೂ ಕೂತು, ವಿಷಯವನ್ನೆಲ್ಲ ಕಂಪನಿಯ ಮುಂದಿಟ್ಟು ಬರೆದಿಡಬೇಕೆಂದು ಮಹಾಲಿಂಗಯ್ಯ ಹೇಳಿ ಕಳಿಸಿದ್ದರು. ಬರೆಯಲು ಶಾಲೆಯ ಮೇಷ್ಟರು ಪೆನ್ನು ಹಿಡಿದು ಕೂತಿದ್ದರು. ಕಂಪನಿಯ ಮುಂದೆ ಇಡಬೇಕೆಂದರೆ ಕಂಪನಿ ಎಲ್ಲಿ? ದಾಸಣ್ಣ ಒಳಗೆ ಹೋಗಿ ಮನೆಯಲ್ಲಿದ್ದ ಒಂದೇ ಮರದ ಕುರ್ಚಿ ತಂದ. ಅದರ ಮೇಲೆ ಹೊಸ ಕಂಬಳಿ ಮಡಿಸಿ ಹಾಸಿ, ಅದರ ಮೇಲೆ ಮೊಹರನ್ನು ಇಟ್ಟ. ಓಬಳಪ್ಪ ದಾಸಣ್ಣನಿಗೆ ಬೆನ್ನು ಹಾಕಿದ್ದರೂ ಇದನ್ನೆಲ್ಲ ಓರೆಗಣ್ಣಿನಲ್ಲಿ ನೋಡಿ, ತಪ್ಪಿಲ್ಲ ಎಂದುಕೊಂಡ.

"ಕಂಪ್ನಿ" ಎಂದ ದಾಸಣ್ಣ ಕುರ್ಚಿಯ ಕಡೆ ತಿರುಗಿ, "ಆ ಕಡೆ ಕುಂತಿರೋರ್ಗೆ ಹೇಳು. ತೋಟಕ್ಕೆ ಮೊದ್ಲು ನಮ್ ಮಂದೆ ಹೋಯ್ತದೆ."

"ಕಂಪ್ನಿ" ಎಂದ ಓಬಳಪ್ಪ, "ಅವ್ರಿಗೆ ಹೇಳು. ಅವ್ರ ಟಗರಿಗೆ ಬೇಲಿ ಹಾರೋ ಚಾಳಿ ಐತೆ. ಮೊದ್ಲು ನಮ್ದೇ ಹೋಗ್ಲಿ."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಆದರೂ ಗಾಡಿ ಮುಂದೆ ಹೋಯಿತು! ಮೇಷ್ಟರು ನಿಷ್ಠೆಯಿಂದ 'ಕಂಪನಿಯು ಮೌನವಾಗಿತ್ತು' ಎಂದು ಬರೆದುಕೊಂಡರು. ವರ್ಷದ ಕೊನೆ ಅದನ್ನು ಓದಿದ ಮಹಾಲಿಂಗಯ್ಯ ಕನ್ನಡಕ ತೆಗೆದು ಒರೆಸಿಕೊಂಡರಂತೆ.

ದಿನ ಕಳೆದಂತೆ ಮಾತು ಬೆಳೆಯಿತು. ಆರಂಭದಲ್ಲಿ ಕಂಪನಿಗೆ ಹೇಳಿದ್ದು ಕುರಿ, ತೋಟದ ವಿಷಯ ಮಾತ್ರ. ಆಮೇಲೆ "ಕಂಪ್ನಿ, ಅವ್ರ ಮೊಣಕಾಲು ನೋವು ಎಂಗೈತೆ ಕೇಳು" ಎನ್ನುವುದಕ್ಕೆ ಬಂತು. ಒಂದು ಸಲ ಓಬಳಪ್ಪ ಬೀಡಿ ಕಟ್ಟನ್ನು ಮೊಹರಿನ ಪಕ್ಕದಲ್ಲಿಟ್ಟು, "ಕಂಪ್ನಿ, ಬೇಕಾದೋರು ತಗಳ್ಳಿ" ಎಂದ. ಬೇಕಾದವರು ತೆಗೆದುಕೊಂಡರು. ಆದರೂ ನೇರ ಒಂದು ಮಾತಿಲ್ಲ, ಹೊಸಿಲಿನ ಮೇಲೆ ಕಾಲಿಲ್ಲ. ಹೊನ್ನಕ್ಕನಿಗೆ ಜಗಲಿ ಸಿಕ್ಕಿತು, ಒಳಮನೆ ಸಿಗಲಿಲ್ಲ. ತಾಯಿ ಒಲೆಯ ಮುಂದೆ ಕೆಮ್ಮುವುದು ಕೇಳುತ್ತಿತ್ತು, ಹೋಗಿ ಊದುಗೊಳವೆ ಕಿತ್ತುಕೊಂಡು 'ಬುಡವ್ವ, ನಾನು ಊದ್ತೀನಿ' ಎನ್ನಲು ಆಗುತ್ತಿರಲಿಲ್ಲ.

ಒಂದು ವರ್ಷ ದಾಸಣ್ಣನ ಟಗರು ಬೇಲಿ ಹಾರಿಯೇ ಬಿಟ್ಟಿತು. ಅದರ ಹಿಂದೆ ಮಂದೆಯೇ ಹಾರಿ ಎಳೆಯ ಬಳ್ಳಿಯ ಒಂದು ಸಾಲನ್ನು ಗುಡಿಸಿ ಹಾಕಿತು. ನಂದೀಶ್ವರಯ್ಯ ಬುಸುಗುಡುತ್ತ ಹಟ್ಟಿಗೆ ಬಂದರು.

"ಎಲ್ಲಿ ನಿಮ್ಮ ಕಂಪನಿ?" ಎಂದರು. ಇಬ್ಬರೂ ಕುರ್ಚಿ ತೋರಿಸಿದರು. "ಇದರ ಆಸ್ತಿ ಏನಿದೆ?" ಎಂದರು. ಬೋರ್ಡು, ಕಂಬಳಿ, ಮೊಹರು ತೋರಿಸಿದರು. ಕುರಿ ಎಲ್ಲ ಹಟ್ಟಿಯವರದು, ಕಂಪನಿಗೆ ಸೇರಿದ್ದು ಹಿಕ್ಕೆ ಮಾತ್ರ, ಅದನ್ನು ಆಗಲೇ ತೋಟದಲ್ಲಿ ಬಿಟ್ಟು ಬಂದಿದೆ ಎಂದು ದಾಸಣ್ಣ ವಿನಯದಿಂದ ತಿಳಿಸಿದ. ಲಿಮಿಟೆಡ್ ಎಂದರೇನೆಂದು ಅಂದು ನಂದೀಶ್ವರಯ್ಯನವರಿಗೂ ಅರ್ಥವಾಯಿತು. ಬಿಸಿಲಲ್ಲಿ ಬಂದ ಸುಸ್ತಿಗೆ ಅವರು ಮೊಹರನ್ನು ಎತ್ತಿ ಕೆಳಗಿಟ್ಟು ಆ ಕುರ್ಚಿಯ ಮೇಲೆ ಕೂತುಬಿಟ್ಟರು.

"ಏಯ್, ಎದ್ದೇಳಿ ಸ್ವಾಮಿ!" ಎಂದು ಭಾವ, ಭಾಮೈದ ಒಂದೇ ಉಸಿರಿಗೆ ಕೂಗಿದರು. ಕೂಗಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೋಡಿ, ಇಬ್ಬರೂ ಬೇಗ ಬೇರೆ ಕಡೆ ತಿರುಗಿಕೊಂಡರು. ಹೊಸಿಲಿನ ಬಳಿ ಕೂತಿದ್ದ ಹೊನ್ನಕ್ಕ ಇದನ್ನು ಕಂಡಳು. ಕರಿಯಕ್ಕನೂ ಕಂಡಳು. ತಾಯಿ ಮಗಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಬಿದ್ದ ಬೇಲಿಯನ್ನು ಇಬ್ಬರೂ ಕಟ್ಟಿಕೊಟ್ಟ ಮೇಲೆ ನಂದೀಶ್ವರಯ್ಯ ಸಮಾಧಾನವಾದರು.

ಎಂಬತ್ತೆರಡರ ಹೊತ್ತಿಗೆ ತೋಟಕ್ಕೆ ಲಾರಿಯಲ್ಲಿ ಚೀಲದ ಗೊಬ್ಬರ ಬರತೊಡಗಿತು. ಮಂದೆಯನ್ನು ಕೇಳುವವರಿಲ್ಲವಾದರು. ಕಂಪನಿಗೆ ಕೆಲಸವಿಲ್ಲ, ಆದರೂ ಸಭೆ ಮಾತ್ರ ತಪ್ಪಲಿಲ್ಲ. ಬೆಂಗಳೂರಿಗೆ ವರ್ಷವರ್ಷ ಕಳಿಸಬೇಕಾದ ಕಾಗದಗಳನ್ನು ಯಾರೂ ಕಳಿಸಲಿಲ್ಲ. ನೀವು ಬದುಕಿದ್ದೀರಾ ಎಂದು ಬೆಂಗಳೂರಿನವರು ಎರಡು ಸಲ ಬರೆದು ಕೇಳಿದರು. ಉತ್ತರ ಹೋಗಲಿಲ್ಲ. ಎಂಬತ್ತಾರರ ಯುಗಾದಿಗೆ ಎರಡು ದಿನ ಇರುವಾಗ ಮಹಾಲಿಂಗಯ್ಯ ಹೇಳಿ ಕಳಿಸಿದರು. ಗಂಡ ಹೆಂಡತಿ ಮಧುಗಿರಿಗೆ ಹೋದರು.

"ನಿಮ್ಮ ಕಂಪನಿಯ ಹೆಸರನ್ನು ರಿಜಿಸ್ಟರಿನಿಂದ ಹೊಡೆದುಹಾಕಿದ್ದಾರೆ" ಎಂದರು ಮಹಾಲಿಂಗಯ್ಯ. "ಇನ್ನು ಅದು ಇಲ್ಲ."

"ಸತ್ತೋಯ್ತಾ?" ಎಂದ ಓಬಳಪ್ಪ.

"ಹಾಗೇ ಅಂದ್ಕೊಳ್ಳಿ. ಬೇಜಾರು ಮಾಡ್ಕೋಬೇಡಿ. ಮತ್ತೆ ಬೇಕಾದರೆ ಇನ್ನೊಂದು ಮಾಡೋಣ. ಈ ಸಲ ಆ ಭಾಮೈದನ ಸಹವಾಸ ಬೇಡ. ನೀವು ಗಂಡ ಹೆಂಡತಿಯೇ ಸಾಕು ಅಂತ ನಾನು ಆವತ್ತೇ ಹೇಳಿದ್ದೆ."

ಹೊನ್ನಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಓಬಳಪ್ಪ ಎದ್ದು ಮೆಟ್ಟಿಲಿಳಿದ. ಬಸ್ಸಿನಲ್ಲಿ ಅವಳಿಗೆ ಬೆನ್ನು ಹಾಕಿ ಕಿಟಕಿಯ ಕಡೆ ಮುಖ ಮಾಡಿ ಕೂತ. ಸಿರಾ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಕಡಲೆಕಾಯಿ ಕೊಂಡು ಅರ್ಧವನ್ನು ಅವಳ ಮಡಿಲಿಗೆ ಸುರಿದ ಮೇಲೆ ಬಾಯಿ ಬಿಟ್ಟ.

"ಇನ್ನೇನೇನ್ ಸುಳ್ಳು ಹೇಳಿದೀಯಲೇ ಹೊನ್ನಿ?"

"ಜಾಸ್ತಿ ಇಲ್ಲ. ಜಗಲಿ ಅವ್ನದೇ ಆಗ್ಬೇಕು ಅಂದಿದ್ದು ಒಂದು."

"ಆ ಕುರ್ಚಿ?"

"ಕುರ್ಚಿ ನೀವೇ ಮಾಡ್ಕಂಡಿದ್ದು, ನನ್ ಮ್ಯಾಲೆ ಹಾಕ್ಬ್ಯಾಡ."

ಓಬಳಪ್ಪ ಒಂದಷ್ಟು ಕಡಲೆಕಾಯಿ ಸುಲಿದ. "ನಿಮ್ಮವ್ವುನ್ನ ನೋಡಕ್ಕೆ ಇಷ್ಟೆಲ್ಲ ಮಾಡಿದ್ಯಾ?" ಎಂದ. ಹೊನ್ನಕ್ಕ ತಲೆಯಾಡಿಸಿದಳು. ಅವನಿಗೆ ನಾಚಿಕೆಯಾಯಿತು. ಈಲಿಯ ತುಂಡಿಗೆ ತಾನು ಹೆಂಡತಿಯ ತವರನ್ನು ಅಡವಿಟ್ಟೆನಲ್ಲ ಎಂದು ಮೊದಲ ಸಲ ಅನ್ನಿಸಿತು. ಆದರೆ ಆಣೆ ಆಣೆಯೇ. "ದಾಸಂಗೆ ವಿಷಯ ಹೇಳ್ಬೇಕು. ಹೇಳಕ್ಕೆ ಕಂಪ್ನಿನೇ ಇಲ್ವಲ್ಲ" ಎಂದ.

ಹೊಸತೊಡಕಿನ ಬೆಳಿಗ್ಗೆ ಇಬ್ಬರೂ ಮದಲೂರಿನ ಆಚೆಯ ಹಟ್ಟಿಗೆ ಹೋದರು. ಓಬಳಪ್ಪ ಅಭ್ಯಾಸದಂತೆ ಜಗಲಿಗೆ ಒಂದು ಕಾಲಿಟ್ಟವನು ತಟ್ಟನೆ ಹಿಂದೆಗೆದ. ಬೋರ್ಡು ಇನ್ನೂ ಗೋಡೆಯ ಮೇಲಿತ್ತು, ಆದರೆ ಅದರ ಒಡೆಯ ಇರಲಿಲ್ಲ. ಜಗಲಿ ಮತ್ತೆ ದಾಸಣ್ಣನದಾಗಿತ್ತು. ಗಂಡನ ಹಿಂದೆ ಹೊನ್ನಕ್ಕನೂ ಬೀದಿಯಲ್ಲೇ ನಿಂತಳು. ಹೊಸಿಲಿನಾಚೆ ಬಾಚಣಿಗೆ ಹಿಡಿದು ಕೂತಿದ್ದ ಕರಿಯಕ್ಕನಿಗೆ ಏನೂ ಅರ್ಥವಾಗಲಿಲ್ಲ.

"ಕಂಪ್ನಿ, ಅವ್ರು ಯಾಕೆ ಬೀದೀಲಿ ನಿಂತವ್ರೆ ಕೇಳು" ಎಂದ ದಾಸಣ್ಣ.

ಓಬಳಪ್ಪ ಹೇಳೆಂದು ಹೆಂಡತಿಗೆ ಸನ್ನೆ ಮಾಡಿದ.

"ಕಂಪ್ನಿ ಇಲ್ಲ ಕಣ್ಲಾ ದಾಸ" ಎಂದಳು ಹೊನ್ನಕ್ಕ. "ಬೆಂಗಳೂರ್ನೋರು ಹೆಸ್ರು ಹೊಡ್ದಾಕ್ಬುಟ್ರು. ಸತ್ತೋಯ್ತು."

ದಾಸಣ್ಣ ಕುರ್ಚಿಯ ಮೇಲಿದ್ದ ಮೊಹರನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಕಬ್ಬಿಣದ ತುಂಡಿಗಾಗಿ ಗಂಡಸೊಬ್ಬ ಕಣ್ಣು ತುಂಬಿಕೊಂಡದ್ದನ್ನು ಆ ಹಟ್ಟಿ ಅಂದೇ ನೋಡಿತು. "ಇನ್ ಮ್ಯಾಕೆ ಯಾರ್ ಜೊತೆ ಮಾತಾಡದು?" ಎಂದ. ಯಾರನ್ನು ಕೇಳಿದನೋ ಅವನಿಗೇ ತಿಳಿಯದು.

ಅಷ್ಟರಲ್ಲಿ ಬೇವಿನ ಮರದ ಕೆಳಗಿಂದ ಕೂಗು ಬಂತು. ಮುತ್ತುಗದ ಎಲೆಗಳ ಮೇಲೆ ಗುಡ್ಡೆಗಳು ತಯಾರಾಗಿದ್ದವು. ಮುದುಕನಾದ ಕ್ಯಾತಪ್ಪನೇ ಇನ್ನೂ ಕೋಲು ಹಿಡಿದಿದ್ದ. ಬೆನ್ನು ತಿರುಗಿಸಿ ಕೂರಲು ಒಬ್ಬ ಬೇಕಾಗಿತ್ತು. ದಾಸಣ್ಣ ಮೊಹರನ್ನು ಕುರ್ಚಿಗೆ ಇಟ್ಟು ಎದ್ದ. ಕ್ಯಾತಪ್ಪನ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಹೇಳಿ, ಎಲ್ಲರಿಗೂ ಬೆನ್ನು ಹಾಕಿ ಕೂತ.

"ನಮ್ ಬಾವುಂದೂ ಒಂದ್ ಹೆಸ್ರು ಸೇರ್ಸ್ಕಳ್ಳಿ" ಎಂದ ಗಟ್ಟಿಯಾಗಿ. "ನನ್ ಗುಡ್ಡೆ ಅವ್ರಿಗೆ."

ಕ್ಯಾತಪ್ಪ ಒಂದೊಂದೇ ಗುಡ್ಡೆಗೆ ಕೋಲು ಇಡುತ್ತ ಬಂದ. 'ಇದು ಯಾರಿಗೆ?' ಒಂದು ಹೆಸರು. 'ಇದು ಯಾರಿಗೆ?' ಇನ್ನೊಂದು ಹೆಸರು. ಒಂದು ಗುಡ್ಡೆಯ ನೆತ್ತಿಯ ಮೇಲೆ ಈಲಿಯ ದೊಡ್ಡ ತುಂಡು ಮಿರಿಮಿರಿ ಹೊಳೆಯುತ್ತಿತ್ತು. ಕ್ಯಾತಪ್ಪ ಅದಕ್ಕೆ ಕೋಲು ಇಟ್ಟು, ಗಂಟಲು ಹರಿಯುವ ಹಾಗೆ ಕೆಮ್ಮಿದ. ಮೇಯುತ್ತಿದ್ದ ಕುರಿಗಳೂ ತಲೆಯೆತ್ತಿ ನೋಡಿದವು.

"ಇದು ಯಾರ್ಗೆ?"

"ನಮ್ ಬಾವುಂಗೆ!"

ಹಟ್ಟಿಯೆಲ್ಲ ಓಬಳಪ್ಪನ ಮುಖ ನೋಡಿತು. ಅವನು ಮುಂದೆ ಬಂದು, ಈಲಿಯ ತುಂಡನ್ನು ಅಂಗೈಯಲ್ಲಿ ಎತ್ತಿಕೊಂಡು ತೂಗಿ ನೋಡಿದ.

"ಕೆಮ್ಮಿದ್ದು ಕೇಳಿಸ್ತು ಕಣ್ಲಾ ದಾಸ" ಎಂದ.

"ಕೇಳಿಸ್ಲಿ ಅಂತ್ಲೇ ಕೆಮ್ಮಿಸಿದ್ದು ಬಾವ" ಎಂದ ದಾಸಣ್ಣ, ಇನ್ನೂ ಬೆನ್ನು ತಿರುಗಿಸಿಕೊಂಡೇ.

ಹೊಸತೊಡಕಿನ ದಿನ ಆಡಿದ ಮಾತು ವರ್ಷವಿಡೀ ನಡೆಯುತ್ತದೆ ಎಂದು ಯಾರೋ ನೆನಪಿಸಿದರು. ಅದನ್ನು ಹೊನ್ನಕ್ಕನಿಗೆ ಹೇಳಲು ತಿರುಗಿದರೆ ಬೀದಿಯಲ್ಲಿ ಅವಳಿರಲಿಲ್ಲ. ಒಳಮನೆಯಿಂದ ಊದುಗೊಳವೆಯ ಸದ್ದು ಬರುತ್ತಿತ್ತು.